ಫೀ ಕಟ್ಟುವ ದಿನ, ದುಡ್ಡು ಬರುವ ದಿನ: ಬೆಂಗಳೂರಿನ ವಿದ್ಯಾರ್ಥಿವೇತನ, ಅನುದಾನ ಸಂಸ್ಥೆಗಳ ವಿಮರ್ಶೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಪಿಯು ಕಾಲೇಜಿನ ಫೀ ಕಟ್ಟಬೇಕು. ಹಲವು ವಿದ್ಯಾರ್ಥಿವೇತನಗಳ ಅರ್ಜಿಯೂ ಅದೇ ಹೊತ್ತಿಗೆ ಶುರುವಾಗುತ್ತದೆ, ನಿಜ. ಆದರೆ ಅರ್ಜಿ ಪರಿಶೀಲನೆ, ಪರೀಕ್ಷೆ, ಸಂದರ್ಶನ, ಮನೆ ಭೇಟಿ, ಬ್ಯಾಂಕ್ ಖಾತೆಯ ತಪಾಸಣೆ ಎಲ್ಲ ಮುಗಿದು ದುಡ್ಡು ಕೈಗೆ ಬರುವಷ್ಟರಲ್ಲಿ ದಸರಾ ರಜೆ ಕಳೆದಿರುತ್ತದೆ. ಕೆಲವರಿಗೆ ಸಂಕ್ರಾಂತಿಯೂ ದಾಟುತ್ತದೆ. ಆ ನಡುವಿನ ತಿಂಗಳುಗಳನ್ನು ಮನೆಯವರು ಕೈಸಾಲ, ಚೀಟಿ, ಗಿರವಿಯಲ್ಲಿ ದಾಟಿಸುತ್ತಾರೆ. ನೂರಕ್ಕೆ ಎರಡರ ಬಡ್ಡಿಗೆ 20,000 ರೂಪಾಯಿ ತಂದರೆ ತಿಂಗಳಿಗೆ 400, ಆರು ತಿಂಗಳಿಗೆ 2,400. ಆಮೇಲೆ ಬರುವ 10,000 ರೂಪಾಯಿ ವಿದ್ಯಾರ್ಥಿವೇತನದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಬಡ್ಡಿಗೇ ಹೋಯಿತು.

ಆದ್ದರಿಂದ ಇಲ್ಲಿ ಮೊತ್ತವನ್ನು ಎರಡನೆಯ ಸ್ಥಾನಕ್ಕೆ ಇಟ್ಟಿದ್ದೇವೆ. ದುಡ್ಡು ಯಾವಾಗ ಬರುತ್ತದೆ, ಮುಂದಿನ ವರ್ಷವೂ ಬರುತ್ತದೆಯೇ ಎಂಬುದೇ ಮೊದಲ ಅಳತೆ. ಮಕ್ಕಳ ಓದಿಗೆ ಕೊಡುವ ವಿದ್ಯಾರ್ಥಿವೇತನಕ್ಕೂ, ಕೆರೆ, ಗ್ರಂಥಾಲಯ, ಶಾಲೆಗಳಂಥ ಊರಿನ ಕೆಲಸಕ್ಕೆ ಕೊಡುವ ಅನುದಾನಕ್ಕೂ ಇದೇ ಅಳತೆ ಹೊಂದುತ್ತದೆ.

ಊರಿನ ಹಲವರ ಹಣವನ್ನು ಒಂದೆಡೆ ಕೂಡಿಸಿ, ಮೂಲಧನ ಮುಟ್ಟದೆ, ಅದರ ಆದಾಯವನ್ನು ಊರಿಗೇ ಖರ್ಚು ಮಾಡುವ ಸಮುದಾಯ ಪ್ರತಿಷ್ಠಾನದ ಮಾದರಿಯನ್ನು 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಫ್ರೆಡರಿಕ್ ಗಾಫ್ ಎಂಬ ಬ್ಯಾಂಕರ್ ಶುರು ಮಾಡಿದರು. ಸತ್ತವರ ಉಯಿಲಿನಲ್ಲಿ ಬರೆದಿಟ್ಟ ಉದ್ದೇಶ ಕಾಲ ಕಳೆದಂತೆ ಕೆಲಸಕ್ಕೆ ಬಾರದಾಗುವುದು, ಹಣ ಮಾತ್ರ ಬ್ಯಾಂಕಿನಲ್ಲಿ ಕೊಳೆಯುವುದು ಅವರ ಕಣ್ಣಿಗೆ ಬಿದ್ದಿತ್ತು. ಊರಿನ ಸಮಿತಿಗೆ ಉದ್ದೇಶವನ್ನು ಬದಲಿಸುವ ಅಧಿಕಾರ ಕೊಟ್ಟದ್ದೇ ಆ ಮಾದರಿಯ ಜೀವಾಳ. ಬೆಂಗಳೂರಿನಲ್ಲಿ ಈ ಕೆಲಸವನ್ನು ಒಂದೇ ಸಂಸ್ಥೆ ಮಾಡುವುದಿಲ್ಲ. ಸಮುದಾಯ ಸಂಘಗಳ ಹಾಸ್ಟೆಲ್‌ಗಳು, ದತ್ತಿನಿಧಿಗಳು, ಕುಟುಂಬ ಪ್ರತಿಷ್ಠಾನಗಳು, ಕಂಪನಿ ಪ್ರತಿಷ್ಠಾನಗಳು ಹಂಚಿಕೊಂಡು ಮಾಡುತ್ತವೆ. ಅರ್ಜಿದಾರರು ಈ ನಾಲ್ಕೂ ಬಾಗಿಲು ತಟ್ಟಬೇಕು; ಒಂದನ್ನೇ ನಂಬಿ ಕೂರಬಾರದು.

ಹಾಸ್ಟೆಲ್ ಸೀಟೇ ದೊಡ್ಡ ವಿದ್ಯಾರ್ಥಿವೇತನ

ಊರಿಂದ ಬಂದು ಓದುವ ಹುಡುಗನಿಗೆ ಕಾಲೇಜು ಫೀಗಿಂತ ಹೊಟ್ಟೆ, ಹಾಸಿಗೆಯ ಖರ್ಚು ಹೆಚ್ಚು. ತಿಂಗಳಿಗೆ 6,000 ರೂಪಾಯಿಯ ಪಿಜಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, 10 ತಿಂಗಳಿಗೆ 60,000 ಆಯಿತು. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಕೊಡುವ ವಿದ್ಯಾಸಿರಿ 2025ರಲ್ಲಿ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ ಇತ್ತು. ಊಟ-ವಸತಿಯ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲನ್ನು ತುಂಬುವ ಖಾಸಗಿ ವಿದ್ಯಾರ್ಥಿವೇತನ ಪಿಯು ಹಂತದಲ್ಲಿ ಸಿಗುವುದು ಬಹಳ ಕಷ್ಟ. ಅದಕ್ಕೇ ಹಳೆಯ ಸಮುದಾಯ ಹಾಸ್ಟೆಲ್‌ಗಳಿಗೆ ಈ ವಿಮರ್ಶೆಯಲ್ಲಿ ಮೊದಲ ಸ್ಥಾನ.

ಮೆಜೆಸ್ಟಿಕ್ ಹತ್ತಿರ ಗುಬ್ಬಿ ತೋಟದಪ್ಪನವರ ಹೆಸರಿನ ಧರ್ಮಛತ್ರ ನೂರು ವರ್ಷಕ್ಕೂ ಮೀರಿ ನಿಂತಿದೆ. ವ್ಯಾಪಾರಿಯಾಗಿದ್ದ ತೋಟದಪ್ಪನವರು ರೈಲಿಳಿದು ಬರುವ ಪ್ರಯಾಣಿಕರಿಗೆ ತಂಗಲು ಜಾಗ, ಹಳ್ಳಿಯಿಂದ ಬಂದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಎಂದು ಆಸ್ತಿ ಬರೆದಿಟ್ಟರು. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘವೂ ಓದಿನ ಕೆಲಸವನ್ನೇ ಮುಖ್ಯವಾಗಿ ಹಿಡಿಯಿತು. ಬೇರೆ ಬೇರೆ ಸಮುದಾಯಗಳ ಹಾಸ್ಟೆಲ್‌ಗಳು ನಗರದ ಹಳೆಯ ಬಡಾವಣೆಗಳಲ್ಲಿ ಇನ್ನೂ ನಡೆಯುತ್ತಿವೆ. ಕಟ್ಟಡ ಸ್ವಂತದ್ದಾದ್ದರಿಂದ ಬಾಡಿಗೆಯ ಹೊರೆ ಇಲ್ಲ. ಊಟದ ಖರ್ಚಷ್ಟೇ ಹಂಚಿಕೊಂಡರೆ ಸಾಕು.

ಇಲ್ಲಿ ಎಡವುವುದು ತಾರೀಖಿನಲ್ಲಿ. ಹಾಸ್ಟೆಲ್ ಅರ್ಜಿಯನ್ನು ಫಲಿತಾಂಶ ಬಂದ ಮೇಲೆ ವಿಚಾರಿಸಿದರೆ ತಡ. ಏಪ್ರಿಲ್‌ನಲ್ಲೇ ಕಚೇರಿಗೆ ಹೋಗಿ ಅರ್ಜಿ ನಮೂನೆ ಯಾವಾಗ ಕೊಡುತ್ತಾರೆ ಎಂದು ಕೇಳಿ ಬರಬೇಕು. ಹಲವು ಸಂಘಗಳ ಪ್ರಕಟಣೆ ಸೂಚನಾ ಫಲಕದಲ್ಲೋ ಸಂಘದ ಪತ್ರಿಕೆಯಲ್ಲೋ ಬರುತ್ತದೆ, ಫೋನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಜಾತಿ ಪ್ರಮಾಣಪತ್ರ, ಸ್ಥಳೀಯ ಪೋಷಕರ ವಿಳಾಸ, ಕಾಲೇಜು ಪ್ರವೇಶದ ರಸೀದಿ ಕೇಳುತ್ತಾರೆ. ಕಾಲೇಜು ಸೇರಿದ ಮೇಲೆ ಹಾಸ್ಟೆಲ್ ಹುಡುಕುವುದಕ್ಕಿಂತ, ಹಾಸ್ಟೆಲ್ ಸಿಗುವ ಕಡೆಯಿಂದ ಒಂದೇ ಬಸ್ಸಿನಲ್ಲಿ ತಲುಪಬಹುದಾದ ಕಾಲೇಜು ಆರಿಸುವುದು ಬುದ್ಧಿವಂತಿಕೆ.

ಸಂಘಗಳ ಪ್ರತಿಭಾ ಪುರಸ್ಕಾರದ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಲು, ಹಾರ, ಸ್ಮರಣಿಕೆ, ಒಂದು ಲಕೋಟೆ. ಮಕ್ಕಳನ್ನು ಹಿರಿಯರ ಮುಂದೆ ನಿಲ್ಲಿಸಿ ಬೆನ್ನು ತಟ್ಟುವುದು ಒಳ್ಳೆಯದೇ. ಆದರೆ ಅದು ಅಂಕಕ್ಕೆ ಕೊಡುವ ಬಹುಮಾನ, ಅಗತ್ಯಕ್ಕೆ ಕೊಡುವ ನೆರವಲ್ಲ. ಸಭಾಂಗಣ, ಊಟ, ಸ್ಮರಣಿಕೆಗೆ ಹೋಗುವ ಹಣದ ಅರ್ಧವನ್ನು ಜೂನ್‌ನಲ್ಲೇ ನೇರವಾಗಿ ಕಾಲೇಜಿಗೆ ಕಟ್ಟುವ ಸಂಘ ಹತ್ತು ಮಕ್ಕಳನ್ನು ಗಿರವಿ ಅಂಗಡಿಯಿಂದ ದೂರ ಇಡುತ್ತದೆ. ಸಮಾರಂಭವನ್ನು ಆಮೇಲೆ ಬಿಡುವಾಗಿ ಮಾಡಬಹುದು.

ದತ್ತಿನಿಧಿ: ಹೆಸರು ಉಳಿಯಿತು, ಬಡ್ಡಿ ಕರಗಿತು

ತಂದೆತಾಯಿ ಹೆಸರಿನಲ್ಲಿ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ದತ್ತಿ ಇಡುವುದು ನಮ್ಮಲ್ಲಿ ಬೇರೂರಿದ ರೂಢಿ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಪ್ರಶಸ್ತಿ, ದತ್ತಿ ಉಪನ್ಯಾಸಗಳು ಎಲ್ಲರಿಗೂ ಪರಿಚಿತ. ವಿದ್ಯಾರ್ಥಿವೇತನಕ್ಕೆ ಇಟ್ಟ ದತ್ತಿಗಳ ಕಷ್ಟ ಲೆಕ್ಕದಲ್ಲಿದೆ. ಒಂದು ಕಾಲದಲ್ಲಿ 10,000 ರೂಪಾಯಿ ದೊಡ್ಡ ಮೊತ್ತ. ಇಂದು ಶೇ 7ರ ಬಡ್ಡಿಯಲ್ಲಿ ಅದು ವರ್ಷಕ್ಕೆ 700 ರೂಪಾಯಿ. ಒಂದು ಪಠ್ಯಪುಸ್ತಕ, ಎರಡು ನೋಟ್‌ಬುಕ್ ಬರಬಹುದು.

ಹೊಸದಾಗಿ ದತ್ತಿ ಇಡುವವರು ಹೀಗೆ ಲೆಕ್ಕ ಹಾಕಿ. 5 ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 35,000. ಅದಷ್ಟನ್ನೂ ಹಂಚಿದರೆ ಹತ್ತು ವರ್ಷದ ನಂತರವೂ 35,000ವೇ, ಅಷ್ಟರಲ್ಲಿ ಫೀ ಎಲ್ಲಿಗೋ ಹೋಗಿರುತ್ತದೆ. 20,000 ಹಂಚಿ 15,000 ಮೂಲಧನಕ್ಕೆ ಸೇರಿಸಿದರೆ ನಿಧಿ ವರ್ಷಕ್ಕೆ ಶೇ 3ರಂತೆ ಬೆಳೆಯುತ್ತದೆ. ಆದರೆ ಇಲ್ಲಿ ಆದಾಯ ತೆರಿಗೆಯ ನಿಯಮ ಅಡ್ಡ ಬರುತ್ತದೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಸುಮ್ಮನೆ ಉಳಿಸಿಕೊಳ್ಳಬಹುದಾದದ್ದು ಶೇ 15 ಮಾತ್ರ. ಈ ಲೆಕ್ಕ ಇಡೀ ಟ್ರಸ್ಟಿಗೆ ಅನ್ವಯಿಸುವುದರಿಂದ ಬೇರೆ ಖರ್ಚು ಹೆಚ್ಚಿರುವ ಸಂಸ್ಥೆಗೆ ಒಂದು ದತ್ತಿಯ ಬಡ್ಡಿ ಉಳಿಸುವುದು ಕಷ್ಟವಲ್ಲ. ದತ್ತಿ ಹಂಚುವುದೇ ಕೆಲಸವಾದ ಸಣ್ಣ ಟ್ರಸ್ಟಿಗೆ ಕಷ್ಟ. ನಿರ್ದಿಷ್ಟ ಉದ್ದೇಶ ಬರೆದು, ನಿಗದಿತ ನಮೂನೆ ಸಲ್ಲಿಸಿ ಐದು ವರ್ಷದವರೆಗೆ ಕೂಡಿಡುವ ದಾರಿ ಇದೆ, ಆಡಿಟರ್ ಅದನ್ನು ಗಡುವಿನೊಳಗೆ ಮಾಡಬೇಕು. ಇದಕ್ಕಿಂತ ಸುಲಭದ ದಾರಿ, ಕುಟುಂಬದವರು ಎರಡು ಮೂರು ವರ್ಷಕ್ಕೊಮ್ಮೆ ಮೂಲಧನಕ್ಕೇ ಎಂದು ಪತ್ರ ಬರೆದು ಒಂದಿಷ್ಟು ಸೇರಿಸುವುದು.

ದತ್ತಿ ಪತ್ರದಲ್ಲಿ ಎರಡು ವಾಕ್ಯ ಇರಲೇಬೇಕು. ಹೇಳಿದ ಕೋರ್ಸ್ ಅಥವಾ ಬಹುಮಾನ ನಿಂತುಹೋದರೆ ಹತ್ತಿರದ ಬೇರೆ ಉದ್ದೇಶಕ್ಕೆ ಬಳಸಲು ಆಡಳಿತ ಮಂಡಳಿಗೆ ಅಧಿಕಾರ ಇದೆ ಎಂಬುದು ಒಂದು. ಬಡ್ಡಿ ಇಂತಿಷ್ಟಕ್ಕಿಂತ ಕಡಿಮೆಯಾದರೆ ಇದೇ ಬಗೆಯ ದತ್ತಿಗಳನ್ನು ಒಟ್ಟುಗೂಡಿಸಬಹುದು ಎಂಬುದು ಇನ್ನೊಂದು. ಹತ್ತು ಸಣ್ಣ ದತ್ತಿ ಸೇರಿ ಒಬ್ಬ ವಿದ್ಯಾರ್ಥಿಯ ಇಡೀ ವರ್ಷದ ಫೀ ಕಟ್ಟಬಹುದು; ಪ್ರಮಾಣಪತ್ರದಲ್ಲಿ ಹತ್ತೂ ಹೆಸರು ಬರೆಯಲಿ, ಯಾರ ಹಿರಿಯರಿಗೂ ಅಗೌರವವಾಗುವುದಿಲ್ಲ.

ದೊಡ್ಡ ಪ್ರತಿಷ್ಠಾನಗಳು: ಯಾವುದು ಯಾರಿಗೆ

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಬೆಂಗಳೂರಿನಿಂದಲೇ ನಡೆಯುವ ವಿದ್ಯಾಧನ್ ಮೊದಲ ಆಯ್ಕೆ. 1999ರಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಶಿಬುಲಾಲ್ ದಂಪತಿ ಆರಂಭಿಸಿದ ಸರೋಜಿನಿ ದಾಮೋದರನ್ ಫೌಂಡೇಶನ್ ಇದನ್ನು ನಡೆಸುತ್ತದೆ. ಕುಟುಂಬದ ವಾರ್ಷಿಕ ಆದಾಯ 2 ಲಕ್ಷದೊಳಗೆ, ಅಂಕ ಶೇ 90, ಅಂದರೆ 625ಕ್ಕೆ 563. ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ 75. ಪಿಯುಸಿ ಎರಡೂ ವರ್ಷ ವರ್ಷಕ್ಕೆ 10,000 ರೂಪಾಯಿವರೆಗೆ. ಮೊತ್ತ ನೋಡಿ ಕೈಬಿಡಬೇಡಿ. ಚೆನ್ನಾಗಿ ಓದಿದವರಿಗೆ ಮುಂದೆ ಪದವಿಯಲ್ಲೂ ನೆರವು ಮುಂದುವರಿಯುತ್ತದೆ, ಬೆಲೆ ಇರುವುದು ಅಲ್ಲಿ. ಆದಾಯಕ್ಕೆ ಪಡಿತರ ಚೀಟಿ ನಡೆಯುವುದಿಲ್ಲ, ಕಂದಾಯ ಇಲಾಖೆಯ ಆದಾಯ ಪ್ರಮಾಣಪತ್ರವೇ ಬೇಕು. ಬಿಪಿಎಲ್ ಕಾರ್ಡ್ ಹಾಕಿ ಅರ್ಜಿ ಕಳೆದುಕೊಳ್ಳುವವರು ಇದನ್ನು ಗಮನಿಸಬೇಕು. ಇದರ ಮಿತಿಯೂ ಅಂಕದಲ್ಲೇ ಇದೆ. ಸಂಜೆ ಹೂವು ಕಟ್ಟಿಕೊಂಡು, ತಮ್ಮನನ್ನು ನೋಡಿಕೊಂಡು 500 ಅಂಕ ತೆಗೆದ ಹುಡುಗಿ ಈ ಬಾಗಿಲ ಹೊರಗೇ ಉಳಿಯುತ್ತಾಳೆ.

ಅಂಥ ಹುಡುಗಿಗೆ ಎರಡು ವರ್ಷದ ನಂತರ ತೆರೆಯುವ ಬಾಗಿಲು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ. ಸರ್ಜಾಪುರ ರಸ್ತೆಯ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ಇದು ಹತ್ತನೇ ತರಗತಿ, ಹನ್ನೆರಡನೇ ತರಗತಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರಿಗೆ. ವರ್ಷಕ್ಕೆ 30,000 ರೂಪಾಯಿ, ಎರಡು ಕಂತು, ಕೋರ್ಸ್ ಮುಗಿಯುವವರೆಗೆ. ಶೇ 90ರಂಥ ಅಂಕದ ಗೋಡೆ ಇಲ್ಲ. ಹಣ ಹುಡುಗಿಯ ಸ್ವಂತ ಖಾತೆಗೇ ಬೀಳುತ್ತದೆ. ಈ ಪಟ್ಟಿಯಲ್ಲಿ ನಮ್ಮ ಮೆಚ್ಚುಗೆ ಹೆಚ್ಚು ಗಳಿಸಿದ್ದು ಇದೇ, ಏಕೆಂದರೆ ಮೂರು ವರ್ಷದ ಬಿ.ಕಾಂ. ಓದುವವಳಿಗೆ 90,000 ರೂಪಾಯಿ ಬರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಮನೆಯಲ್ಲಿ ಮದುವೆಯ ಮಾತು ಎದ್ದಾಗ ಅವಳ ಕೈಯಲ್ಲಿ ಒಂದು ಉತ್ತರ ಇರುತ್ತದೆ. ಕೊರತೆ ತಾರೀಖಿನದ್ದು. 2025ರಲ್ಲಿ ಅರ್ಜಿ ಶುರುವಾದದ್ದು ಸೆಪ್ಟೆಂಬರ್‌ನಲ್ಲಿ. ಮೊದಲ ವರ್ಷದ ಪ್ರವೇಶ ಫೀ ಅಷ್ಟರಲ್ಲಿ ಕಟ್ಟಿ ಮುಗಿದಿರುತ್ತದೆ. ಅದಕ್ಕೆ ಬೇರೆ ವ್ಯವಸ್ಥೆ ಮಾಡಿಕೊಂಡು ಈ ಹಣವನ್ನು ಪರೀಕ್ಷಾ ಶುಲ್ಕ, ಪುಸ್ತಕ, ಮುಂದಿನ ವರ್ಷದ ಫೀಗೆ ಎತ್ತಿಡುವುದು ಸರಿ. ಓಡಾಟದ ಖರ್ಚನ್ನು 2023ರ ಜೂನ್‌ನಿಂದ ಶಕ್ತಿ ಯೋಜನೆ ಬಹಳಷ್ಟು ಇಳಿಸಿದೆ. ಬಿಎಂಟಿಸಿಯ ಎಸಿ ಬಸ್ಸಿಗೂ ಮೆಟ್ರೊಗೂ ಅದು ಅನ್ವಯಿಸುವುದಿಲ್ಲ.

ಬೆಂಗಳೂರಿನಲ್ಲಿ ಒಂದು ಗೊಂದಲ ಮೇಲಿಂದ ಮೇಲೆ ಆಗುತ್ತದೆ: ಅನುದಾನಿತ ಶಾಲೆಯನ್ನು ಜನ ಸರ್ಕಾರಿ ಶಾಲೆ ಎಂದೇ ಕರೆಯುತ್ತಾರೆ. ಶಿಕ್ಷಕರ ಸಂಬಳ ಸರ್ಕಾರ ಕೊಟ್ಟರೂ ಶಾಲೆಯ ಆಡಳಿತ ಖಾಸಗಿಯದು. ಅಜೀಂ ಪ್ರೇಮ್‌ಜಿ ಅರ್ಜಿ ತುಂಬುವ ಮುಂಚೆ, ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರುವ ಯುಡೈಸ್ ಗುರುತು ಸಂಖ್ಯೆಯನ್ನು ಯುಡೈಸ್ ಜಾಲತಾಣದಲ್ಲಿ ಹಾಕಿ ಆಡಳಿತ ವರ್ಗ ಏನೆಂದು ನೋಡಿಕೊಳ್ಳಿ, ಇಲ್ಲವೇ ಮುಖ್ಯೋಪಾಧ್ಯಾಯರನ್ನೇ ಕೇಳಿ.

ಎಂಜಿನಿಯರಿಂಗ್, ವೈದ್ಯಕೀಯದಂಥ ಕೋರ್ಸ್ ಸೇರಿದ ಹುಡುಗಿಯರಿಗೆ 1996ರಲ್ಲಿ ಆರಂಭವಾದ ಇನ್ಫೋಸಿಸ್ ಫೌಂಡೇಶನ್ 2023ರಿಂದ ಸ್ಟೆಮ್ ಸ್ಟಾರ್ಸ್ ಹೆಸರಿನಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ನಾಲ್ಕು ವರ್ಷದವರೆಗೆ ಕೊಡುತ್ತಿದೆ. ಆದಾಯ ಮಿತಿ 8 ಲಕ್ಷ, ಆದ್ದರಿಂದ ಕೆಳ ಮಧ್ಯಮ ವರ್ಗದವರೂ ಅರ್ಹರು. ಕಾಲೇಜು ಎನ್‌ಐಆರ್‌ಎಫ್ ಎಂಬ ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿಯಲ್ಲಿರಬೇಕು ಎಂಬುದನ್ನು ಸೀಟು ಆರಿಸುವಾಗಲೇ ನೆನಪಿಡಬೇಕು. ಹುಡುಗರೂ ಅರ್ಜಿ ಹಾಕಬಹುದಾದ್ದು 1994ರಲ್ಲಿ ಆರಂಭವಾಗಿ ಬೆಂಗಳೂರಿನಲ್ಲಿ ಭಾರತದ ಕಚೇರಿ ಹೊಂದಿರುವ ಫೌಂಡೇಶನ್ ಫಾರ್ ಎಕ್ಸಲೆನ್ಸ್. ಇದರ ವಿಶೇಷ ಸ್ವಯಂಸೇವಕರ ಜಾಲ. ಅವರು ಅರ್ಜಿದಾರರ ಪರಿಸ್ಥಿತಿಯನ್ನು ಖುದ್ದಾಗಿ ಪರಿಶೀಲಿಸುತ್ತಾರೆ. ಕಾಗದದಲ್ಲಿ ಹಿಡಿಸದ ಬಡತನ ಹೀಗೆ ಪರಿಶೀಲಿಸುವವರ ಕಣ್ಣಿಗೆ ಬೀಳುತ್ತದೆ, ಅದಕ್ಕೆ ಈ ಕ್ರಮ ಹೆಚ್ಚು ನ್ಯಾಯದ್ದು.

ರೈತರ ಮಕ್ಕಳು ಸರ್ಕಾರದ ರೈತ ವಿದ್ಯಾನಿಧಿಯನ್ನು ಬಿಡಬಾರದು. 2021ರಲ್ಲಿ ಬಂದಾಗ ಈ ಯೋಜನೆಯಲ್ಲಿ ಪಿಯುಸಿ ಹುಡುಗರಿಗೆ 2,500, ಹುಡುಗಿಯರಿಗೆ 3,000, ಬಿ.ಎ., ಬಿ.ಕಾಂ.ಗೆ 5,000 ಮತ್ತು 5,500; ಎಂಜಿನಿಯರಿಂಗ್, ವೈದ್ಯಕೀಯಕ್ಕೆ 10,000 ಮತ್ತು 11,000 ಎಂದು ನಿಗದಿಯಾಗಿತ್ತು. ಅಪ್ಪನೋ ಅಮ್ಮನೋ ಹೆಸರಿನಲ್ಲಿ ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ (ರೈತ ಗುರುತಿನ ಸಂಖ್ಯೆ) ಇರಬೇಕು. ಜಮೀನು ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುವ ಮನೆಗಳಲ್ಲಿ ಇದು ಇಲ್ಲೇ ನಿಲ್ಲುತ್ತದೆ. ಪೌತಿ ಖಾತೆ ಮಾಡಿಸಿ ಜಮೀನನ್ನು ವಾರಸುದಾರರ ಹೆಸರಿಗೆ ತರದೆ ಬೇರೆ ದಾರಿ ಇಲ್ಲ.

ಅರ್ಜಿ ಬೀಳುವುದು ಎಲ್ಲಿ

ಅರ್ಹತೆ ಇದ್ದೂ ಹಣ ಬಾರದಿರಲು ಮುಖ್ಯ ಕಾರಣ ಹೆಸರು. ಅಂಕಪಟ್ಟಿಯಲ್ಲಿ ಮಂಜುಳ ಕೆ., ಆಧಾರ್‌ನಲ್ಲಿ ಮಂಜುಳಾ ಕೃಷ್ಣಪ್ಪ, ಪಾಸ್‌ಬುಕ್‌ನಲ್ಲಿ ಕೆ. ಮಂಜುಳ. ಮನುಷ್ಯರಿಗೆ ಒಬ್ಬಳೇ, ಕಂಪ್ಯೂಟರಿಗೆ ಮೂವರು. ಅಂಕಪಟ್ಟಿಯ ಹೆಸರನ್ನೇ ಮೂಲ ಎಂದು ಹಿಡಿದು ಆಧಾರ್ ಮತ್ತು ಬ್ಯಾಂಕನ್ನು ಅದಕ್ಕೆ ಹೊಂದಿಸಿ. ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ನಿಧಾನ. ಈ ಕೆಲಸ ಹತ್ತನೇ ತರಗತಿಯ ಡಿಸೆಂಬರ್‌ನಲ್ಲಿ ಮುಗಿದಿರಬೇಕು, ಮೇ ತಿಂಗಳಲ್ಲಿ ಶುರುವಾಗಬಾರದು. ಪರೀಕ್ಷೆಗೆ ಹೆಸರು ಕಳಿಸುವ ಮುಂಚೆ ಶಾಲೆಯಲ್ಲಿ ಕರಡು ಪಟ್ಟಿ ತೋರಿಸುತ್ತಾರೆ. ಅಲ್ಲಿ ಅಮ್ಮನ ಹೆಸರಿನ ಕಾಗುಣಿತವನ್ನೂ ಓದಿ ನೋಡಿ.

ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದಲೋ ಬೆಂಗಳೂರು ಒನ್ ಕೇಂದ್ರದ ಮೂಲಕವೋ ಸಿಗುತ್ತದೆ. ಅದರಲ್ಲಿ ಆರ್‌ಡಿ ಅಕ್ಷರಗಳಿಂದ ಶುರುವಾಗುವ ಸಂಖ್ಯೆ ಇರುತ್ತದೆ. ಸರ್ಕಾರಿ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಂತ್ರಾಂಶಕ್ಕೆ ಆ ಸಂಖ್ಯೆಯೇ ಆಧಾರ. ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಇಲ್ಲಿ ಶೆಡ್ಡಿನಲ್ಲಿರುವ ಕುಟುಂಬಗಳ ಆಧಾರ್ ವಿಳಾಸ ಊರಿನದೇ ಆಗಿರುತ್ತದೆ. ಅವರು ಯುಗಾದಿಗೆ ಊರಿಗೆ ಹೋದಾಗಲೇ ಅಲ್ಲಿನ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದರೆ ಜೂನ್‌ನಲ್ಲಿ ಒಂದು ವಾರದ ಕೂಲಿ ಬಿಟ್ಟು ಓಡುವುದು ತಪ್ಪುತ್ತದೆ.

ಬ್ಯಾಂಕ್ ಖಾತೆಯ ವಿಷಯ ಇನ್ನೂ ಸೂಕ್ಷ್ಮ. ಸರ್ಕಾರದ ಹಣ ಆಧಾರ್ ಆಧಾರದ ಮೇಲೆ ಬರುತ್ತದೆ: ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಬ್ಯಾಂಕ್ ಯಾವುದೋ ಅದಕ್ಕೆ. ಪ್ರತಿಷ್ಠಾನಗಳು ಸಾಮಾನ್ಯವಾಗಿ ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) ನೋಡಿ ಕಳಿಸುತ್ತವೆ. ಆದ್ದರಿಂದ ಒಂದೇ ವಿದ್ಯಾರ್ಥಿಯ ಎರಡು ವಿದ್ಯಾರ್ಥಿವೇತನ ಎರಡು ಬೇರೆ ಖಾತೆಗೆ ಬೀಳಬಹುದು. ಬಂದಿಲ್ಲ ಎಂದು ಅಳುವ ಮುಂಚೆ ಹಳೆಯ ಖಾತೆ ನೋಡಿ. ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಬರೆಯಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ವಿಲೀನವಾದವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕ್‌ಗಳು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು.

ಇನ್ನೊಂದು ಗುಂಡಿ 18ನೇ ಹುಟ್ಟುಹಬ್ಬ. ಅಪ್ರಾಪ್ತರ ಖಾತೆಯನ್ನು 18 ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಟ್ಟು ಬದಲಿಸದಿದ್ದರೆ ಬ್ಯಾಂಕ್ ವ್ಯವಹಾರ ತಡೆಯುತ್ತದೆ. ದ್ವಿತೀಯ ಪಿಯುಸಿ, ಪದವಿಯ ಮೊದಲ ವರ್ಷದ ಹೊತ್ತಿಗೇ ಇದು ಬರುವುದರಿಂದ ಸರಿಯಾಗಿ ವಿದ್ಯಾರ್ಥಿವೇತನದ ಕಂತು ಬೀಳುವಾಗ ಖಾತೆ ಮುಚ್ಚಿರುತ್ತದೆ. ಕಡಿಮೆ ದಾಖಲೆ ಕೊಟ್ಟು ತೆರೆದ ಸಣ್ಣ ಖಾತೆಗಳಲ್ಲಿ ಒಮ್ಮೆಗೆ 50,000ಕ್ಕಿಂತ ಹೆಚ್ಚು ಇರುವಂತಿಲ್ಲ, ವರ್ಷಕ್ಕೆ 1 ಲಕ್ಷಕ್ಕಿಂತ ಹೆಚ್ಚು ಜಮೆ ಆಗುವಂತಿಲ್ಲ, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ದೊಡ್ಡ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಪೂರ್ತಿ ಕೆವೈಸಿ ಮಾಡಿಸಿಕೊಳ್ಳಲಿ.

ಸಿಇಟಿ ಮೂಲಕ ಸೀಟು ಪಡೆದವರು ಕೆಇಎಗೆ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಹಣ ಕಟ್ಟಿದ ಚಲನ್ ಮತ್ತು ಪ್ರವೇಶ ಪತ್ರವನ್ನು ಜೋಪಾನವಾಗಿಡಬೇಕು. ಪ್ರತಿಷ್ಠಾನ ಕಾಲೇಜಿನ ರಸೀದಿ ಕೇಳುತ್ತದೆ, ಕಾಲೇಜು ತಾನು ಪಡೆದ ಇತರ ಶುಲ್ಕಕ್ಕೆ ಮಾತ್ರ ರಸೀದಿ ಕೊಡುತ್ತದೆ, ಬೋಧನಾ ಶುಲ್ಕ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಎರಡನ್ನೂ ಒಟ್ಟಿಗೆ ಲಗತ್ತಿಸಿ. ಬೇರೆ ವಿದ್ಯಾರ್ಥಿವೇತನ ಬರುತ್ತಿದ್ದರೆ ಮುಚ್ಚಿಡಬೇಡಿ. ಕೆಲವು ಸಂಸ್ಥೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ನಿಯಮದಲ್ಲಿ ಬರೆದಿರುತ್ತದೆ. ಅರ್ಜಿಗೆ ದುಡ್ಡು ಕೇಳುವವರು ಯಾರೇ ಆಗಿರಲಿ, ಅವರಿಗೆ ಒಟಿಪಿಯನ್ನಂತೂ ಹೇಳಲೇಬೇಡಿ.

ಊರ ಕೆಲಸಕ್ಕೆ ಅನುದಾನ

ವಿದ್ಯಾರ್ಥಿವೇತನ ವ್ಯಕ್ತಿಗೆ, ಅನುದಾನ ಕೆಲಸಕ್ಕೆ. ಕಲೆಯ ಮಟ್ಟಿಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಅನುದಾನ ಕೊಡುತ್ತಿದೆ. ಅದರ ಕಲಿ-ಕಲಿಸು ಕಾರ್ಯಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರಿಗೇ ನೇರವಾಗಿ ನೆರವು ಕೊಡುತ್ತದೆ. ಸ್ಥಳೀಯ ಜನಪದ, ಕಸುಬು, ರಂಗಭೂಮಿಯನ್ನು ಪಾಠದೊಳಗೆ ತರಬಯಸುವ ಮೇಷ್ಟ್ರಿಗೆ ಇಂಥದ್ದು ಅಪರೂಪ, ಮತ್ತು ಸಂಸ್ಥೆಯ ಬದಲು ಶಿಕ್ಷಕರನ್ನು ನಂಬುವ ಕ್ರಮ ನಮಗೆ ಬಹಳ ಇಷ್ಟವಾಯಿತು. ಅರ್ಜಿಯಲ್ಲಿ ಏನು ಮಾಡುತ್ತೇವೆ ಎಂಬುದಕ್ಕಿಂತ ಮಕ್ಕಳು ಏನು ಮಾಡುತ್ತಾರೆ ಎಂದು ಬರೆಯಿರಿ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇರೆ ಲೋಕ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಪಡೆಯುವ ಸಂಸ್ಥೆ 2021ರ ಏಪ್ರಿಲ್ 1ರಿಂದ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಅದರ ಜೊತೆಗೆ ಟ್ರಸ್ಟ್ ಪತ್ರ, ಪಾನ್, ಸಂಸ್ಥೆಗೆ ತೆರಿಗೆ ವಿನಾಯಿತಿ ಕೊಡುವ 12ಎ, ದಾನಿಗಳಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ನೋಂದಣಿ, ಹೆಚ್ಚಿನ ಕಡೆ ಮೂರು ವರ್ಷದ ಆಡಿಟ್ ವರದಿ. ಇಲ್ಲೂ ತಾರೀಖಿನ ತೊಡಕೇ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಬೇಕಾದ ಕಂಪನಿ ಫೆಬ್ರವರಿಯಲ್ಲಿ ಹಣ ಕೊಡಲು ಅವಸರ ಮಾಡುತ್ತದೆ. ಆಗ ಶಾಲೆಗಳಲ್ಲಿ ಪರೀಕ್ಷೆ, ಏಪ್ರಿಲ್‌ನಲ್ಲಿ ರಜೆ. ಅವಸರದಲ್ಲಿ ಖರ್ಚಾಗುವುದು ಬ್ಯಾಗ್, ಬೆಂಚ್, ಬಣ್ಣಕ್ಕೆ. ಬಹುವರ್ಷದ ಯೋಜನೆ ಎಂದು ಮಂಡಳಿ ಮೊದಲೇ ಒಪ್ಪಿದ್ದರೆ ಖರ್ಚಾಗದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದಿನ ವರ್ಷಗಳಲ್ಲಿ ಬಳಸಲು ಅವಕಾಶ ಇದೆ. ಅರ್ಜಿ ಹಾಕುವ ಸಂಸ್ಥೆ ಸೆಪ್ಟೆಂಬರ್‌ನಲ್ಲೇ ಹೋಗಿ ಬಹುವರ್ಷದ ಯೋಜನೆಯಾಗಿಯೇ ಮಂಜೂರು ಮಾಡಿ ಎಂದು ಕೇಳಬೇಕು.

ಕೆರೆಗಳನ್ನು ನೋಡಿ. ಹೂಳೆತ್ತಲು, ನಡಿಗೆ ಪಥ ಹಾಕಲು ದಾನಿಗಳು ಸಿಗುತ್ತಾರೆ, ಏಕೆಂದರೆ ಉದ್ಘಾಟನೆಗೆ ಫಲಕ ಹಾಕಬಹುದು. ಕೆರೆ ಉಳಿಯುವುದು ಪ್ರತಿ ತಿಂಗಳ ಕಳೆ ತೆಗೆಯುವ ಕೂಲಿ, ಕಾವಲುಗಾರನ ಸಂಬಳ, ಒಳಹರಿವಿನ ಕಾಲುವೆ ಸ್ವಚ್ಛತೆಯಿಂದ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ 2010ರಲ್ಲಿ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡದ್ದರ ಮಹತ್ವ ಇದು. ಅನುದಾನದ ಅಂದಾಜು ಪಟ್ಟಿ ಬರೆಯುವಾಗ ಸಂಬಳ, ಬಾಡಿಗೆ, ಆಡಿಟ್ ಖರ್ಚು ಬಿಟ್ಟು ಬರೆಯಬೇಡಿ. ಕಡಿಮೆ ತೋರಿಸಿದರೆ ಮಂಜೂರಾಗುತ್ತದೆ ಎಂದು ನಂಬಿ ಬರೆದವರು ಎರಡನೇ ವರ್ಷ ಕೆಲಸಗಾರರಿಗೆ ಸಂಬಳ ಕೊಡಲಾಗದೆ ನಿಲ್ಲುತ್ತಾರೆ. ಕಂತುಗಳನ್ನೂ ಚೌಕಾಸಿ ಮಾಡಿ. ಕೊನೆಯ ಕಂತು ವರದಿ ಕೊಟ್ಟ ಮೇಲೆ ಎಂದಿದ್ದರೆ ಆ ಭಾಗದ ಖರ್ಚನ್ನು ಸಂಸ್ಥೆಯೇ ಕೈಯಿಂದ ಹಾಕಬೇಕು. 5 ಲಕ್ಷದ ಅನುದಾನದಲ್ಲಿ ಶೇ 30 ಹಿಡಿದಿಟ್ಟರೆ ಅದು ಒಂದೂವರೆ ಲಕ್ಷ. ಶೇ 10ಕ್ಕೆ ಇಳಿಸಲು ಕೇಳುವುದರಲ್ಲಿ ಸಂಕೋಚ ಬೇಡ.

ವಿದೇಶಿ ದೇಣಿಗೆಯ ಕಾನೂನು 2020ರಲ್ಲಿ ಬಿಗಿಯಾಯಿತು. ಅಂಥ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ದೊಡ್ಡ ಪ್ರತಿಷ್ಠಾನ ಪಡೆದು ಬಡಾವಣೆಯ ಸಣ್ಣ ಗುಂಪಿಗೆ ಹಂಚುತ್ತಿದ್ದ ದಾರಿ ಹೀಗೆ ಮುಚ್ಚಿತು. ಸಣ್ಣ ಗುಂಪುಗಳಿಗೆ ಈಗ ಊರಿನ ದಾನಿಗಳೇ ಗತಿ.

ಆ ದಾನಿಗಳಿಗೆ ಹೇಳಬೇಕಾದ್ದು ಸ್ವಲ್ಪವೇ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ 80ಜಿ ವಿನಾಯಿತಿ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಇಲ್ಲವೇ ಇಲ್ಲ. ರಸೀದಿ ಒಂದೇ ಸಾಲದು, ಸಂಸ್ಥೆ ತನ್ನ ದೇಣಿಗೆ ವಿವರವನ್ನು ತೆರಿಗೆ ಇಲಾಖೆಗೆ ಸಲ್ಲಿಸಿ ಕೊಡುವ ಪ್ರಮಾಣಪತ್ರ ಕೇಳಿ ಪಡೆಯಿರಿ. ಒಬ್ಬ ವಿದ್ಯಾರ್ಥಿಗೆ ನೆರವಾಗುವುದಾದರೆ ಕೋರ್ಸ್ ಮುಗಿಯುವವರೆಗಿನ ಹಣ ಎತ್ತಿಟ್ಟುಕೊಂಡೇ ಶುರು ಮಾಡಿ. ಒಂದು ವರ್ಷ ಕೊಟ್ಟು ನಿಲ್ಲಿಸಿದರೆ ಹುಡುಗ ಎರಡನೇ ವರ್ಷ ಅರ್ಧದಲ್ಲಿ ಕಾಲೇಜು ಬಿಡುತ್ತಾನೆ, ಮೊದಲ ವರ್ಷದ ದುಡ್ಡೂ ನೀರಿಗೆ ಹಾಕಿದಂತಾಗುತ್ತದೆ.

ನವೀಕರಣದ ವಿಷಯ ಬಾಕಿ ಇದೆ. ಎರಡನೇ ವರ್ಷದ ಹಣ ತಾನಾಗಿ ಬರುವುದಿಲ್ಲ. ಅಂಕಪಟ್ಟಿ, ಹೊಸ ಫೀ ರಸೀದಿ, ಸ್ಟಡಿ ಸರ್ಟಿಫಿಕೇಟ್ ಪ್ರತಿ ವರ್ಷ ಕೊಡಬೇಕು. ಒಂದು ವಿಷಯ ಹೋಯಿತೆಂದು ಹೆದರಿ ಸುಮ್ಮನಾಗುವ ಮಕ್ಕಳೇ ಹೆಚ್ಚು. ಪೂರಕ ಪರೀಕ್ಷೆಯ ಫಲಿತಾಂಶದವರೆಗೆ ಸಮಯ ಕೊಡಿ ಎಂದು ಗಡುವಿನ ಒಳಗೆ ಒಂದು ಪತ್ರ ಬರೆಯಬೇಕು; ಗಡುವು ಮುಗಿದ ಮೇಲೆ ಬರೆದರೆ ಪ್ರಯೋಜನವಿಲ್ಲ. ಮತ್ತೆ, ಅರ್ಜಿಯ ಇಮೇಲ್ ಅನ್ನು ಸೈಬರ್ ಸೆಂಟರ್‌ನವರು ಮಾಡಿಕೊಟ್ಟರೆ ಪಾಸ್‌ವರ್ಡ್ ಬರೆಸಿಕೊಂಡು ಮನೆಯ ಡೈರಿಯಲ್ಲಿ ಅಂಟಿಸಿ. ಅಪ್ಪನ ಫೋನ್ ನಂಬರ್ ಕೊಟ್ಟಿದ್ದರೆ ಕೋರ್ಸ್ ಮುಗಿಯುವವರೆಗೆ ಅದಕ್ಕೆ ರೀಚಾರ್ಜ್ ನಿಲ್ಲಿಸಬೇಡಿ. ಮೂರು ತಿಂಗಳು ಬಳಸದ ಸಿಮ್ ರದ್ದಾಗಬಹುದು. ಆಮೇಲೆ ಒಟಿಪಿ ಬೇರೆ ಯಾರದೋ ಫೋನಿಗೆ ಹೋಗುತ್ತದೆ, ಸಂದರ್ಶನದ ದಿನಾಂಕವೂ ಅಲ್ಲಿಗೇ.